ಜಿಡ್ಡು ಮೇಷ್ಟ್ರು

ಅವರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದ ಬೆಳಿಗ್ಗೆ ಒಬ್ಬರ ಹಿಂದೆ ಒಬ್ಬರು ಕೈ ಮುಗಿದ ಚಿತ್ರ ಹಾಕಿ ಬರೆದರು. ಸೌಮ್ಯ ಸ್ವಭಾವದವರು. ಮೃದುಭಾಷಿ. ಅಜಾತಶತ್ರು. ಓದುತ್ತಾ ಓದುತ್ತಾ ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಇದೆಲ್ಲ ಶುದ್ಧ ಸುಳ್ಳು. ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರು ಸೌಮ್ಯರಾಗಿರಲಿಲ್ಲ. ಕನಕಪುರದಲ್ಲಿ ನಾನು ಬಿ.ಎಸ್ಸಿ. ಓದಿದ ಮೂರು ವರ್ಷದಲ್ಲಿ ಅವರ ಜೊತೆ ಜಗಳವಾಡದ ಮನುಷ್ಯ ಯಾರಾದರೂ ಕಾಲೇಜಿನಲ್ಲಿದ್ದರೆ ಅವನು ಆ ವಾರ ರಜೆಯಲ್ಲಿದ್ದ ಎಂದೇ ಅರ್ಥ. ಸತ್ತರು ಎಂಬ ಒಂದೇ ಕಾರಣಕ್ಕೆ ಅವರನ್ನು ತೊಳೆದು ಇಸ್ತ್ರಿ ಮಾಡಿ ಮಡಿಸಿಡುವುದು ನನಗೆ ಒಪ್ಪಿಗೆಯಿಲ್ಲ. ಅವರು ಹೇಗಿದ್ದರೋ ಹಾಗೇ ಬರೆಯುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ, ಅವರ ಮನೆಯವರಿಗೆ ಮುಜುಗರವಾಗಬಾರದು.

ಮಾಗಡಿ ಕಡೆಯ ಹಳ್ಳಿಯವರು. ರಾಮನಗರದಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಕನಕಪುರಕ್ಕೆ ಬರುತ್ತಿದ್ದರು. ಕುಳ್ಳು ಆಳು, ದಪ್ಪ ಕನ್ನಡಕ, ತಲೆ ಪೂರಾ ಬೋಳು. ಆ ತಲೆ, ಹಣೆ, ಮೂಗು ಮೂರೂ ಹೊತ್ತು ಮಿರಮಿರ ಮಿಂಚುತ್ತಿದ್ದವು. ಬೇರೆಯವರಾದರೆ ಕರವಸ್ತ್ರ ತೆಗೆದು ಒರೆಸಿಕೊಳ್ಳುತ್ತಿದ್ದರು. ಇವರು ಒರೆಸಿಕೊಳ್ಳುವುದಿರಲಿ, ಮೊದಲ ತರಗತಿಯಲ್ಲೇ ಒಂದು ತೆಳು ಕಾಗದದ ಚೂರನ್ನು ಹಣೆಗೆ ಒತ್ತಿಕೊಂಡು, ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. ಒತ್ತಿದ ಜಾಗ ಬೋಂಡಾ ಕಟ್ಟಿದ ಪೇಪರಿನ ಹಾಗೆ ಪಾರದರ್ಶಕವಾಗಿತ್ತು.

"ನೋಡ್ರಯ್ಯ, ಫ್ಯಾಕ್ಟ್ರಿ ಅಂದ್ರೆ ಬಿಡದೀಲಿ ಮಾತ್ರ ಐತೆ ಅನ್ಕೋಬ್ಯಾಡಿ. ಇಲ್ಲೂ ಒಂದೈತೆ. ಭಾನ್ವಾರನೂ ರಜಾ ಇಲ್ಲ, ಸ್ಟ್ರೈಕೂ ಇಲ್ಲ."

ಕನ್ನಡಕದ ಕೀಲು ಕಿರುಗುಟ್ಟಿದರೆ ಮೂಗಿನ ಪಕ್ಕ ಬೆರಳು ಸವರಿ ಆ ಜಿಡ್ಡನ್ನೇ ಕೀಲಿಗೆ ಹಚ್ಚುತ್ತಿದ್ದರು. ಹುಡುಗಿಯರೆಲ್ಲ ಥೂ ಎನ್ನುತ್ತಿದ್ದೆವು. ಅವರಿಗೆ ಅದು ಖುಷಿ. ಜಿಡ್ಡು ಮೇಷ್ಟ್ರು ಎಂಬ ಹೆಸರು ನಮ್ಮ ಸೀನಿಯರುಗಳು ಇಟ್ಟದ್ದು. ಅದು ಅವರ ಕಿವಿಗೂ ಬಿದ್ದಿತ್ತು, ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ಅವರ ಜಗಳಗಳ ಪೈಕಿ ಎರಡನ್ನು ಹೇಳಲೇಬೇಕು. ಕಾಲೇಜಿಗೆ ಹೊಸ ಮೈಕ್ರೋಸ್ಕೋಪುಗಳು ಬಂದವು. ಹುಡುಗರ ಕೈಗೆ ಸಿಕ್ಕರೆ ಹಾಳಾಗುತ್ತವೆ ಎಂದು ಪ್ರಾಂಶುಪಾಲರು ಅವನ್ನು ತಮ್ಮ ಕೋಣೆಯ ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. ಮೇಷ್ಟ್ರು ಎರಡು ಸಲ ಕೇಳಿದರು. ಮೂರನೇ ಸಲ ಕೇಳಲಿಲ್ಲ. ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ಪ್ರಾಂಶುಪಾಲರ ಕೋಣೆಯಲ್ಲಿ ನೆಲದ ಮೇಲೆ ಕೂರಿಸಿ, ಆ ಬೀರುವಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಪಾಠ ಶುರು ಮಾಡಿದರು.

"ಏನ್ರೀ ಇದು?" ಎಂದು ಪ್ರಾಂಶುಪಾಲರು ಎದ್ದು ನಿಂತರು.

"ಮೈಕ್ರೋಸ್ಕೋಪ್ ಎಲ್ಲೈತೋ ಅದೇ ಲ್ಯಾಬು ಸಾರ್. ನೀವು ಕೂತ್ಕಳಿ, ನಮ್ಗೇನೂ ತೊಂದ್ರೆ ಇಲ್ಲ" ಎಂದರು ಮೇಷ್ಟ್ರು.

ಮಾರನೆಯ ದಿನ ಮೈಕ್ರೋಸ್ಕೋಪುಗಳು ಲ್ಯಾಬಿಗೆ ಬಂದವು. ಪ್ರಾಂಶುಪಾಲರು ಅವರ ಜೊತೆ ಮಾತು ಬಿಟ್ಟರು.

ಇನ್ನೊಂದು ಜಗಳ ಸೋಪಿನವರ ಜೊತೆ. ಯಾವುದೋ ಕಂಪನಿಯವರು ಕಾಲೇಜಿಗೆ ಬಂದು ಹುಡುಗಿಯರಿಗೆ ಉಚಿತ ಚರ್ಮ ತಪಾಸಣೆ ಎಂದು ಮೇಜು ಹಾಕಿದರು. ಒಂದು ಸಣ್ಣ ಯಂತ್ರವನ್ನು ಕೆನ್ನೆಗೆ ಒತ್ತುವುದು, ಅದರಲ್ಲಿ ಕೆಂಪು ದೀಪ ಹತ್ತುವುದು, "ತುಂಬಾ ಆಯ್ಲಿ ಇದೆ, ಡೇಂಜರ್" ಎಂದು ಹೇಳಿ ಸೋಪಿನ ಕಾಗದ ಕೈಗಿಡುವುದು. ಸಾಲಿನಲ್ಲಿ ನಿಂತವರೆಲ್ಲ ಮುಖ ಸಪ್ಪಗೆ ಮಾಡಿಕೊಂಡು ಹೊರಬರುತ್ತಿದ್ದರು. ಮೇಷ್ಟ್ರು ಹೋಗಿ ಸಾಲಿನಲ್ಲಿ ನಿಂತರು. ಸರದಿ ಬಂದಾಗ ತಲೆ ಬಗ್ಗಿಸಿದರು. ಯಂತ್ರದ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು.

"ಐವತ್ತು ವರ್ಷದಿಂದ ಹಿಂಗೇ ಐತಮ್ಮ. ಕೂದ್ಲು ಹೋಯ್ತು, ಅದು ನಮ್ಮಪ್ಪಂಗೂ ಹೋಗಿತ್ತು. ಬ್ಯಾರೆ ಯಾವ್ ಡೇಂಜರ್ ಆಗೈತೆ, ಒಸಿ ಹೇಳು?"

ಯಂತ್ರ ಹಿಡಿದಿದ್ದ ಕಂಪನಿಯ ಹುಡುಗಿ ಪಾಪ ಅದನ್ನು ಒರೆಸತೊಡಗಿದಳು. ಮೇಷ್ಟ್ರು ಕಂಪನಿಯವರ ಮೈಕನ್ನೇ ತೆಗೆದುಕೊಂಡರು. ದೇವರು ಕೊಟ್ಟ ಎಣ್ಣೆಯನ್ನು ತೊಳೆದುಕೊಂಡು ಆಮೇಲೆ ಅಂಗಡಿ ಎಣ್ಣೆಯನ್ನು ಬಳಿದುಕೊಳ್ಳುವ ಬುದ್ಧಿವಂತಿಕೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿದರು. ಸೋಪಿನವರು ಊಟಕ್ಕೂ ನಿಲ್ಲದೆ ಮೇಜು ಮಡಿಸಿದರು. ಇವರನ್ನು ಅಜಾತಶತ್ರು ಎಂದು ಬರೆಯುತ್ತಾರೆ!

ಸಸ್ತನಿಗಳ ಚರ್ಮ ಎಂಬ ಅಧ್ಯಾಯದಲ್ಲಿ ಸೆಬೇಷಿಯಸ್ ಗ್ರಂಥಿಗೆ ಇದ್ದದ್ದು ಅರ್ಧ ಪುಟ. ಒಂದು ಚಿತ್ರ, ಕೆಳಗೆ ನಾಲ್ಕು ಸಾಲು. ಮೇಷ್ಟ್ರು ಅದನ್ನು ಒಂದು ವಾರ ಎಳೆದರು. ಸೆಬೇಷಿಯಸ್ ಎನ್ನುವುದನ್ನು ಪರೀಕ್ಷೆಯಲ್ಲಿ ಬರೆಯಿರಿ, ನನ್ನ ಹತ್ತಿರ ಜಿಡ್ಡಿನ ಗ್ರಂಥಿ ಎಂದರೆ ಸಾಕು ಎಂದರು. ಬೋರ್ಡಿನ ಮೇಲೆ ಒಂದು ಗುಣಿ ಬರೆದು ಪಕ್ಕಕ್ಕೊಂದು ಉಬ್ಬು ಬರೆದರು.

"ತಾಯಿ ಹೊಟ್ಟೇಲಿ ಕೂಸಿಗೆ ನಾಕ್ ತಿಂಗ್ಳು ಅನ್ನೋ ಹೊತ್ತಿಗೆ ಚರ್ಮ ಬೆರಳು ಚುಚ್ಚಿದಂಗೆ ಒಳಕ್ಕಿಳೀತದೆ. ಅದು ಕೂದ್ಲಿನ ಗುಣಿ. ಆ ಗುಣಿ ಪಕ್ಕದ ಗೋಡೇಲಿ ಮೊಗ್ಗು ಒಡೆದಂಗೆ ಒಂದು ಉಬ್ಬು ಬತ್ತದೆ. ಆ ಉಬ್ಬೇ ಮುಂದೆ ಜಿಡ್ಡಿನ ಚೀಲ ಆಯ್ತದೆ. ಕೂದ್ಲು ಮನೆ ಯಜಮಾನ, ಇದು ಪಕ್ಕದ ರೂಮಿನ ಬಾಡಿಗೆದಾರ. ಬಾಡಿಗೆ ಏನ್ ಕೊಡ್ತದೆ? ಜಿಡ್ಡು. ಕೂದ್ಲಿಗೂ ಕೊಡ್ತದೆ, ಚರ್ಮಕ್ಕೂ ಕೊಡ್ತದೆ."

ಕೂಸು ಹುಟ್ಟುವಾಗ ಮೈಮೇಲೆ ಬೆಣ್ಣೆ ಬಳಿದಂತೆ ಬೆಳ್ಳಗೆ ಇರುವುದರಲ್ಲಿ ಬಹುಪಾಲು ಈ ಗ್ರಂಥಿಯದೇ ಕೆಲಸ ಎಂದರು. ಒಂಬತ್ತು ತಿಂಗಳು ನೀರಿನಲ್ಲಿ ನೆನೆಯುವ ಕೂಸಿಗೆ ಅದೇ ರೇನ್‌ಕೋಟು. ಹುಟ್ಟಿದ ಕೆಲವು ತಿಂಗಳಿಗೆ ಗ್ರಂಥಿ ತಣ್ಣಗೆ ಮಲಗಿಬಿಡುತ್ತದೆ, ಮೀಸೆ ಚಿಗುರುವ ಹೊತ್ತಿಗೆ, ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಮತ್ತೆ ಎದ್ದು ಕೂರುತ್ತದೆ. ಅದಕ್ಕೇ ಆ ವಯಸ್ಸಿನಲ್ಲಿ ಮೊಡವೆ. ಮೊಡವೆ ಇದ್ದವರೆಲ್ಲ ತಲೆ ತಗ್ಗಿಸಿದರು. "ತಲೆ ಎತ್ರಯ್ಯ, ಗ್ರಂಥಿ ಕೆಲಸ ಮಾಡ್ತಾ ಐತೆ ಅಂತ ಸರ್ಟಿಫಿಕೇಟು ಅದು" ಎಂದು ಗದರಿದರು.

ಆ ಗ್ರಂಥಿ ಕೆಲಸ ಮಾಡುವ ರೀತಿಯನ್ನು ಹೇಳುವಾಗ ಮಾತ್ರ ಅವರ ದನಿ ಬೇರೆಯಾಗುತ್ತಿತ್ತು. ಬೆವರಿನ ಗ್ರಂಥಿ ಬೆವರನ್ನು ಹೊರಗೆ ಕಳಿಸಿ ತಾನು ಹಾಗೇ ಉಳಿದುಕೊಳ್ಳುತ್ತದೆ. ಜಿಡ್ಡಿನ ಗ್ರಂಥಿಯಲ್ಲಿ ಹಾಗಲ್ಲ.

"ತಳದಲ್ಲಿ ಒಂದು ಕೋಶ ಹುಟ್ತದೆ. ಹಿಂದಿನವು ತಳ್ತಾವೆ, ಇದು ಮೇಲಕ್ಕೋಗ್ತದೆ. ಹೋಗ್ತಾ ಹೋಗ್ತಾ ಒಡಲ ತುಂಬ ಕೊಬ್ಬು ತುಂಬ್ಕೋತದೆ. ಕೊನೆಗೆ ಒಡೆದು, ತಾನೇ ಜಿಡ್ಡಾಗಿ ಆಚೆಗೆ ಬತ್ತದೆ. ರೇಷ್ಮೆ ಹುಳಾನಾದ್ರೆ ನಾವು ಬೇಯ್ಸಿ ಸಾಯಿಸ್ತೀವಿ. ಇದನ್ನ ಯಾರೂ ಸಾಯಿಸಲ್ಲ. ನಿಮ್ ಮೂಗಿನ್ ಮೇಲೆ ಇರೋದು ಕೊಳೆ ಅಲ್ಲ ಕಣ್ರಯ್ಯ, ದುಡಿದು ಸತ್ತೋರು."

ಇಷ್ಟೆಲ್ಲ ಚೆನ್ನಾಗಿ ಹೇಳಿದವರು ನನ್ನ ವಿಷಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದರು. ಅದನ್ನು ಮುಚ್ಚಿಟ್ಟು ಹೊಗಳಿದರೆ ಅವರೇ ಎದ್ದು ಬಂದು ಜಗಳ ಮಾಡಿಯಾರು.

ನಮ್ಮ ಊರು ಹಾರೋಹಳ್ಳಿಯಿಂದ ಒಳಗೆ. ಹೊಲ ಸ್ವಲ್ಪ, ಕುರಿ ಹೆಚ್ಚು. ಮನೆಯ ಗೋಡೆಗೆ ಅಂಟಿಕೊಂಡೇ ಕುರಿದೊಡ್ಡಿ. ರಾತ್ರಿ ಮಲಗುವಾಗ ಅವುಗಳ ಉಸಿರು ನಮಗೆ ಕೇಳುತ್ತಿತ್ತು. ನಮ್ಮ ವಾಸನೆ ನಮಗೆ ಗೊತ್ತಿರಲಿಲ್ಲ. ಕಾಲೇಜಿಗೆ ಸೇರಿದ ಮೇಲೆ ಗೊತ್ತಾಯಿತು. ಮೂರು ಜನ ಕೂರುವ ಬೆಂಚಿನಲ್ಲಿ ನಾನೊಬ್ಬಳೇ. ಮೊದಲ ಎರಡು ದಿನ ಅದೃಷ್ಟ ಎಂದುಕೊಂಡಿದ್ದೆ. ಮೂರನೇ ದಿನ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ ಬ್ಯಾ ಎಂದರು.

ಅಂದಿನಿಂದ ಬೆಳಿಗ್ಗೆ ಸಂಜೆ ಬಟ್ಟೆ ಸೋಪಿನಲ್ಲಿ ಸ್ನಾನ. ಮೈ ಸೋಪಿನಲ್ಲಿ ವಾಸನೆ ಹೋಗುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ತೆಂಗಿನ ನಾರು ಹಾಕಿ ಉಜ್ಜುತ್ತಿದ್ದೆ. ಕೈಕಾಲು ಬಿಳಿಚಿಕೊಂಡು ಹೊಪ್ಪಳೆ ಎದ್ದವು, ಬೆರಳಿನ ಗೆಣ್ಣುಗಳು ಒಡೆದು ರಕ್ತ ಬರುತ್ತಿತ್ತು. ಬೆಂಚು ಮಾತ್ರ ಖಾಲಿಯೇ ಇತ್ತು.

ಎರಡನೇ ವರ್ಷ, ಚರ್ಮದ ಪಾಠ ನಡೆಯುತ್ತಿದ್ದಾಗ, ಲ್ಯಾಬಿನಲ್ಲಿ ನಾನು ಮೈಕ್ರೋಸ್ಕೋಪು ತಿರುಗಿಸುತ್ತಿದ್ದೆ. ಮೇಷ್ಟ್ರು ನನ್ನ ಕೈ ನೋಡಿದರು.

"ಏನಮ್ಮ ಇದು? ಕೈಯಾ, ಬತ್ತಿದ ಕೆರೆಯಾ? ಯಾವ್ ಸೋಪ್ ಹಾಕ್ತೀಯ?"

"ಬಟ್ಟೆ ಸೋಪು ಸಾರ್."

"ಯಾಕೆ?"

ನಾನು ಕೈಯನ್ನು ದುಪಟ್ಟಾದೊಳಗೆ ಎಳೆದುಕೊಂಡೆ. ಅವರು ನನ್ನ ಅಕ್ಕಪಕ್ಕದ ಖಾಲಿ ಸ್ಟೂಲುಗಳನ್ನು ನೋಡಿದರು. ಮುಖ ಕೆಂಪಗಾಯಿತು.

"ಮನೇಲಿ ಕುರಿ ಐತಾ?"

"ಐತೆ ಸಾರ್."

"ಸೋಮ್ವಾರ ಒಸಿ ಉಣ್ಣೆ ತಗಂಡ್ ಬಾ. ತೊಳೀದೆ ಇರೋದು."

ನಮ್ಮ ಕಡೆಯ ಕುರಿಗಳಿಗೆ ಉಣ್ಣೆ ಕಡಿಮೆ. ಅಪ್ಪ ಕಂಬಳಿಗೆಂದೇ ಏಳೆಂಟು ಕರಿ ಉಣ್ಣೆಯ ಕುರಿ ಸಾಕಿಕೊಂಡಿತ್ತು. ಅವುಗಳದು ಒಂದು ಹಿಡಿ ತೆಗೆದು, ಮೂರು ಪ್ಲಾಸ್ಟಿಕ್ ಕವರಿನೊಳಗೆ ಕಟ್ಟಿ, ಬಸ್ಸಿನಲ್ಲಿ ಯಾರಿಗೂ ವಾಸನೆ ಬಾರದಂತೆ ಚೀಲದ ತಳದಲ್ಲಿಟ್ಟುಕೊಂಡು ಹೋದೆ. ಮೇಷ್ಟ್ರು ತಮ್ಮ ಕೆಲಸಕ್ಕೆ ಕೇಳಿದ್ದಾರೆ ಎಂದೇ ಅಂದುಕೊಂಡಿದ್ದೆ. ಅವರು ತರಗತಿಗೆ ಬಂದವರೇ "ಕೊಡಮ್ಮ" ಎಂದು ಇಸಿದುಕೊಂಡು, ಎಲ್ಲರೆದುರು ಮೂರೂ ಕವರು ಬಿಚ್ಚಿ ಉಣ್ಣೆಯನ್ನು ಮೇಜಿನ ಮೇಲೆ ಹರಡಿದರು. ಅದರ ಮೇಲೆ ನೀರು ಸುರಿದರು. ನೀರು ಹನಿಹನಿಯಾಗಿ ಉರುಳಿ ಕೆಳಗೆ ಬಿತ್ತು.

"ಬನ್ನಿ, ಎಲ್ರೂ ಮುಟ್ಟಿ, ಮೂಸಿ. ನೀವು ಮೂಗು ಮುಚ್ಕೋತೀರಲ್ಲ, ಅದು ಇದೇಯ. ನಿಮ್ ತುಟಿಗೆ ಹಚ್ಕೊಳೋ ಕ್ರೀಮಲ್ಲೂ ಇದ್ನೇ ಸೋಸಿ ಹಾಕಿರ್ತಾರೆ."

"ಸಾರ್, ಮೂಸೋಕೆ ಅಲ್ಲೀಗಂಟ ಯಾಕ್ ಬರ್ಬೇಕು? ಅವ್ಳ ಪಕ್ಕ ಕೂತ್ರೆ ಸಾಕು" ಎಂದಿತು ಹಿಂದಿನಿಂದ ಒಂದು ದನಿ.

ಇಡೀ ತರಗತಿ ನಕ್ಕಿತು. ಮೇಷ್ಟ್ರು ಮೇಜು ಗುದ್ದಿದರು. "ಯಾವನ್ಲಾ ಅದು? ಎದ್ ನಿಂತ್ಕಳ್ಲಾ" ಎಂದು ಕಿರುಚಿದರು. ನನ್ನ ಪರವಾಗಿಯೇ ಕಿರುಚಿದರು, ಗೊತ್ತಿತ್ತು. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಆ ನಗುವೇ. ನಾನು ಚೀಲ ಎತ್ತಿಕೊಂಡು ಆಚೆ ನಡೆದೆ. ಅವರು ಹಿಂದೆ ಇನ್ನೂ ಬೈಯುತ್ತಿದ್ದರು.

ಮನೆಗೆ ಬಂದಾಗ ಯಾರೂ ಇರಲಿಲ್ಲ. ಗೋಡೆಯ ಗೂಟದಲ್ಲಿ ನನ್ನ ಕಾಲೇಜಿನ ಚೂಡಿದಾರದ ಪಕ್ಕದಲ್ಲೇ ಅಪ್ಪನ ಕರಿ ಕಂಬಳಿ ನೇತಾಡುತ್ತಿತ್ತು. ವಾಸನೆಯೆಲ್ಲ ಅದರದೇ ಎನ್ನಿಸಿತು. ಒಲೆಯ ಮೇಲೆ ಹಂಡೆ ಇಟ್ಟೆ. ಕುದಿಯುವ ನೀರಿಗೆ ಸೋಪಿನ ಪುಡಿ, ಸೋಡಾ ಎರಡೂ ಸುರಿದು ಕಂಬಳಿಯನ್ನು ಅದ್ದಿ, ಕೊಂಚ ಆರಿದ ಮೇಲೆ ಕಾಲಿನಿಂದ ತುಳಿದೆ. ನೀರು ಕಷಾಯದ ಬಣ್ಣಕ್ಕೆ ತಿರುಗಿತು. ಮೇಲೆ ದಪ್ಪಗೆ ಕೆನೆ ತೇಲಿತು. ಆ ಕೆನೆಯನ್ನು ಕಂಡು ನನಗೆ ಗೆದ್ದ ಹಾಗಾಯಿತು. ಇನ್ನೊಂದು ಹಂಡೆ ಕಾಯಿಸಿ ಮತ್ತೊಮ್ಮೆ ತುಳಿದೆ. ಒಂದು ವಾರ ಜಿಡ್ಡಿನ ಪಾಠ ಕೇಳಿದವಳು ನಾನು! ಕಂಬಳಿ ಮಳೆಗೆ ನಿಲ್ಲುವುದು ಆ ಜಿಡ್ಡಿನಿಂದ, ನೇಯ್ದ ಮೇಲೆ ಕುಡಿಸುವ ಹುಣಸೆ ಬೀಜದ ಗಂಜಿಯಿಂದ ಎಂದು ಕುರಿ ಮನೆಯ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಸಿಟ್ಟಿನಲ್ಲಿ ಗೊತ್ತಿರುವುದು ಯಾವ ಉಪಯೋಗಕ್ಕೂ ಬರಲಿಲ್ಲ.

ಸಂಜೆ ಅವ್ವ ನೋಡಿ ಹಣೆ ಚಚ್ಚಿಕೊಂಡಳು. ಅಪ್ಪ ಬಂದು ಬೇಲಿಯ ಮೇಲಿದ್ದ ಕಂಬಳಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿತು.

"ಒಗ್ದ್ಬುಟ್ಟಾ ಅವ್ವ?"

"ಹೂಂ" ಎಂದೆ.

"ಮೆತ್ತಗಾಗೈತೆ" ಎಂದಿತು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮೂರು ದಿನಕ್ಕೆ ಮಳೆ ಹಿಡಿಯಿತು. ಅಪ್ಪ ಗುಡ್ಡದ ಆಚೆ ಕುರಿ ಬಿಟ್ಟುಕೊಂಡಿತ್ತು. ಎಂದಿನಂತೆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ನಿಂತಿತ್ತು. ಬೇರೆ ವರ್ಷಗಳಲ್ಲಿ ನೀರು ಜಾರಿ ಹೋಗುತ್ತಿತ್ತು. ಈ ಸಲ ಕಂಬಳಿ ನೀರನ್ನೆಲ್ಲ ಕುಡಿದು ಹೆಣಭಾರವಾಯಿತು. ಮಧ್ಯಾಹ್ನ ಪೂರ್ತಿ ಆ ನೀರಿನೊಳಗೇ ನಿಂತಿದ್ದ ಅಪ್ಪ ಮನೆಗೆ ಬರುವಾಗ ಹಲ್ಲು ಕಟಕಟ ಎನ್ನುತ್ತಿತ್ತು. ಜ್ವರ ಎದೆಗಿಳಿಯಿತು. ಹಾರೋಹಳ್ಳಿ ಡಾಕ್ಟರು ಇಂಜೆಕ್ಷನ್ ಕೊಟ್ಟು ಮನೆಯಿಂದ ಆಚೆ ಬರಬೇಡಿ ಎಂದರು. ಕುರಿಯ ಹಿಂದೆ ಅವ್ವ, ನಾನು ಹೊರಟೆವು. ನಾನು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿ, ಅಪ್ಪ ಎದ್ದ ಮೇಲೆ ಹಾರೋಹಳ್ಳಿಯ ಯಾವುದಾದರೂ ಫ್ಯಾಕ್ಟರಿಗೆ ಸೇರುತ್ತೇನೆ ಎಂದು ಹೇಳಿಬಿಟ್ಟೆ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಒಂದೇ ಸಮವಸ್ತ್ರ, ಮೂಗಿಗೂ ಮಾಸ್ಕು ಎಂದು ಪಕ್ಕದ ಮನೆಯವಳು ಹೇಳಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಮೇಷ್ಟ್ರು ನಮ್ಮ ಊರಿನ ಬಸ್ಸಿನಿಂದ ಇಳಿದರು. ಬೇಲಿಯ ಹೊರಗಿನಿಂದಲೇ ಅವರ ಗಲಾಟೆ ಶುರು.

"ಏನಮ್ಮ, ಒಂದ್ ವಾರ ಆಯ್ತು. ಅಟೆಂಡೆನ್ಸ್ ಯಾರ್ ಕೊಡ್ತಾರೆ, ನಿಮ್ ಟಗರಾ? ಒಬ್ಬ ನಕ್ಕ ಅಂತ ಓಡ್ಬಂದ್ಬುಟ್ರೆ..."

ಅಷ್ಟರಲ್ಲಿ ಜಗುಲಿಯ ಮೇಲೆ ಹೊದ್ದು ಕೂತಿದ್ದ ಅಪ್ಪನನ್ನು ನೋಡಿದರು. ಆಮೇಲೆ ಬೇಲಿಯ ಮೇಲಿದ್ದ ಕಂಬಳಿಯನ್ನು ನೋಡಿದರು. ಹೋಗಿ ಮುಟ್ಟಿದರು, ಮೂಗಿಗೆ ಹಿಡಿದರು. ಸೋಪಿನ ಘಮ ಬಂದಿರಬೇಕು. ಅವ್ವ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಿಡಲಿಲ್ಲ. ಮೇಷ್ಟ್ರು ಅಂಗಳದ ಒರಳುಕಲ್ಲಿನ ಮೇಲೆ ಕೂತುಬಿಟ್ಟರು. ಅವರ ತಲೆಯ ಮೇಲೆ ಬಿಸಿಲು ಮಿಂಚುತ್ತಿತ್ತು.

"ತಪ್ಪು ನಂದು ಕಣಮ್ಮ" ಎಂದರು. "ನಿನ್ನ ಪರವಾಗಿ ಜಗಳ ಆಡ್ತಿದೀನಿ ಅನ್ಕಂಡೆ. ನಿನ್ನನ್ನೇ ಒಂದ್ ಮಾತು ಕೇಳ್ಲಿಲ್ಲ. ಅಷ್ಟು ಜನದ ಮುಂದೆ ನಿಮ್ಮನೆ ಉಣ್ಣೆ ಬಿಚ್ಚೋ ಮುಂಚೆ, ಬಿಚ್ಲಾಮ್ಮ ಅಂತ ಕೇಳ್ಬೇಕಿತ್ತು."

"ಈಗ ಹೇಳಿದ್ರೆ ನಮ್ಮಪ್ಪನ ಜ್ವರ ಬುಡ್ತದಾ ಸಾರ್?" ಎಂದೆ. ಅವ್ವ ನನ್ನ ತೋಳು ಜಿಗುಟಿದಳು. ಅವರು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನಾನು ಮತ್ತೆ ಕಾಲೇಜಿನ ಕಡೆ ತಲೆ ಹಾಕುತ್ತಿರಲಿಲ್ಲವೇನೋ.

ಮಾತು ಮುಂದುವರಿಸಿದ್ದು ಅಪ್ಪ. "ಗಂಜಿ ಇನ್ನೊಂದ್ ಸಲ ಕುಡಿಸ್ಬೋದು ಮೇಷ್ಟ್ರೇ. ಜಿಡ್ಡು ಎಲ್ಲಿಂದ ತರನ? ಅದು ತಿರ್ಗಾ ಬತ್ತದಾ?"

"ಕಂಬ್ಳಿಗೆ ಬರಲ್ಲ ಯಜಮಾನ್ರೇ. ಕತ್ತರಿಸಿದ ಉಣ್ಣೇಲಿ ಜೀವ ಇಲ್ಲ. ಗ್ರಂಥಿ ಕುರಿ ಮೈಯಲ್ಲೇ ಉಳ್ಕೊಂತು. ನಿಮ್ ಮಗಳ ಕೈ ಬ್ಯಾರೆ. ಅದ್ರಲ್ಲಿ ಜೀವ ಐತೆ. ಉಜ್ಜೋದು ನಿಲ್ಸಿದ್ರೆ ಅದೇ ಜಿಡ್ಡು ಹಾಕ್ಕೋತದೆ." ಸ್ವಲ್ಪ ತಡೆದು, "ಅಂಗೈಯಲ್ಲಿ ಗ್ರಂಥಿ ಇಲ್ಲ, ಮುಂಗೈಯಿಂದ ಮ್ಯಾಲಕ್ಕೆ ಐತೆ" ಎಂದು ಸೇರಿಸಿದರು. ತಪ್ಪೊಪ್ಪಿಕೊಳ್ಳುವಾಗಲೂ ಪಾಠದಲ್ಲಿ ತಪ್ಪಾಗಬಾರದು ಅವರಿಗೆ.

ಅಪ್ಪ ನನ್ನ ಕಡೆ ತಿರುಗಿತು. "ಕೇಳುಸ್ಕಂಡಾ ಅವ್ವ? ನಂಗ್ ಜ್ವರ ಬಂದ್ರೆ ನೀನ್ಯಾಕೆ ಫ್ಯಾಕ್ಟ್ರಿಗೋಗ್ಬೇಕು? ಪುಸ್ತಕ ಕೆಳಿಕ್ಕಿಳ್ಸು. ಕುರಿ ವಾಸ್ನೆ ನಮ್ಮ್ ಅನ್ನ ಕಣವ್ವ. ಅದ್ಕೆ ಅಂಜ್ಕೊಂಡ್ ಓಡೋಗೋದಾದ್ರೆ ನಾಳೆ ನನ್ ಹತ್ರಾನೂ ಬರಕ್ಕಿಲ್ಲ ನೀನು."

ಆ ಮಾತು ಕೇಳಿ ನಾನು ಅತ್ತೆ. ಮೇಷ್ಟ್ರು ಎದ್ದು ದೊಡ್ಡಿಯ ಹತ್ತಿರ ಹೋಗಿ ಒಂದು ಕರಿ ಕುರಿಯ ಬೆನ್ನು ಸವರುತ್ತಾ ನಿಂತರು. ಮುದ್ದೆ ಉಂಡು ಮಧ್ಯಾಹ್ನದ ಬಸ್ಸಿಗೆ ಹೋದರು.

ಸೋಮವಾರ ನಾನು ಕಾಲೇಜಿಗೆ ಹೋದೆ. ಪವಾಡವೇನೂ ನಡೆಯಲಿಲ್ಲ. ಬೆಂಚು ಖಾಲಿಯೇ ಇತ್ತು, ತಿಂಗಳುಗಟ್ಟಲೆ ಖಾಲಿಯೇ ಇತ್ತು. ನಾನು ಅದರ ನಟ್ಟನಡುವೆ ಕೈಕಾಲು ಚಾಚಿ ಕೂರುವುದನ್ನು ಕಲಿತೆ. ಬಟ್ಟೆ ಸೋಪು ಬಟ್ಟೆಗೆ ಹೋಯಿತು. ಅಪ್ಪನ ಜ್ವರ ಬಿಟ್ಟಿತು, ನನ್ನ ಕೈ ಮೆಲ್ಲಗೆ ವಾಸಿಯಾಯಿತು. ಅಪ್ಪನಿಗೆ ಮುಂದಿನ ಉಣ್ಣೆಯಲ್ಲಿ ಹೊಸ ಕಂಬಳಿ ನೇಯಿಸಿದೆವು. ಮೇಷ್ಟ್ರು ಅದಾದ ಮೇಲೆ ತರಗತಿಯಲ್ಲಿ ನನ್ನ ಮನೆಯ ವಿಷಯ ಎತ್ತುವ ಪ್ರಸಂಗ ಬಂದರೆ ಮೊದಲು ನನ್ನ ಕಡೆ ನೋಡಿ ಹುಬ್ಬು ಎತ್ತುತ್ತಿದ್ದರು. ನಾನು ತಲೆಯಾಡಿಸಿದರೆ ಹೇಳುತ್ತಿದ್ದರು, ಇಲ್ಲದಿದ್ದರೆ ಬೇರೆ ಉದಾಹರಣೆಗೆ ಹೋಗುತ್ತಿದ್ದರು. ಪ್ರಾಂಶುಪಾಲರಿಗೂ ಕೊಡದ ಮರ್ಯಾದೆ ಅದು.

ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಬೇರೆ ಊರಿನ ಕಾಲೇಜಿನಿಂದ ಪರೀಕ್ಷಕರು ಬಂದಿದ್ದರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ. ನಮ್ಮ ಮೇಷ್ಟ್ರು ಅವರ ಪಕ್ಕದ ಕುರ್ಚಿಯಲ್ಲಿದ್ದರು. ನನ್ನ ಪಾಲಿಗೆ ಬಂದ ಸ್ಲೈಡು ಸಸ್ತನಿಯ ಚರ್ಮದ್ದು. ಬೆಳಿಗ್ಗೆ ಒಂದು ಕುರಿ ಮರಿ ಹಾಕಿತ್ತು. ಅವ್ವ ಒಬ್ಬಳೇ ಇದ್ದಳೆಂದು ನಾನೇ ಮರಿಯನ್ನು ಎತ್ತಿ ತಾಯಿಯ ಮುಂದೆ ಇಟ್ಟು, ಸ್ನಾನ ಮಾಡಿ ಬಸ್ಸು ಹತ್ತಿದ್ದೆ. ಮೇಜಿನ ಹತ್ತಿರ ಹೋಗುತ್ತಿದ್ದಂತೆ ಪರೀಕ್ಷಕರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದು ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು.

"ಮನೇಲಿ ಕುರಿ ಸಾಕ್ತೀರೇನಮ್ಮ?"

"ಹೌದು ಸಾರ್."

"ಪರೀಕ್ಷೆ ದಿನವಾದ್ರೂ ಸ್ನಾನ ಮಾಡ್ಕೊಂಡು ಬರಬಾರ್ದಾ? ಸ್ವಲ್ಪ ಹಿಂದಕ್ಕೆ ನಿಂತು ಹೇಳು."

ಪಕ್ಕದಲ್ಲಿ ಕುರ್ಚಿ ಕಿರ್ ಎಂದಿತು. ಮೇಷ್ಟ್ರು ಅರ್ಧ ಎದ್ದಿದ್ದರು. ಕಿವಿ ಕೆಂಪಾಗಿತ್ತು, ತುಟಿ ಅದುರುತ್ತಿತ್ತು. ಬಾಯಿ ತೆರೆದರೆ ಆ ಮನುಷ್ಯನ ಗತಿ ಏನಾಗುತ್ತದೆ ಎಂದು ಲ್ಯಾಬಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಅವರು ಮೊದಲು ನನ್ನ ಕಡೆ ನೋಡಿದರು. ಹುಬ್ಬು ಮೇಲೆದ್ದಿತು. ನಾನು ಬೇಡ ಎಂದು ತಲೆಯಾಡಿಸಿದೆ. ಮೇಷ್ಟ್ರು ಕೂತರು.

ನಾನು ಹಿಂದಕ್ಕೆ ಹೋಗಲಿಲ್ಲ.

"ಸ್ನಾನ ಮಾಡ್ಕೊಂಡೇ ಬಂದಿದೀನಿ ಸಾರ್. ಹಿಂದೆ ನಿಂತ್ರೆ ಸ್ಲೈಡು ಕಾಣಲ್ಲ. ಇದು ಸಸ್ತನಿಯ ಚರ್ಮದ ಲಂಬ ಛೇದ. ಇದು ಕೂದಲಿನ ಗುಣಿ. ಅದರ ಪಕ್ಕದ ಗೋಡೇಲಿ ಮೊಳೆತಿರೋದು ಸೆಬೇಷಿಯಸ್ ಗ್ರಂಥಿ. ಅದರ ಕೋಶಗಳು ಒಡೆದು ಜಿಡ್ಡಾಗಿ ಈ ಗುಣಿಗೇ ಸುರೀತವೆ. ಇದು ಕುರಿಗೂ ಇದೆ, ನನಗೂ ಇದೆ, ನಿಮಗೂ ಇದೆ ಸಾರ್. ನೀವೀಗ ಕರ್ಚೀಫು ಹಿಡ್ಕೊಂಡಿದೀರಲ್ಲ, ಮೂಗಿನ ಪಕ್ಕ, ಅಲ್ಲಿ ಜಾಸ್ತಿ ಇದೆ. ಬನ್ನಿ, ತೋರಿಸ್ತೀನಿ."

ಸ್ಲೈಡು ನೋಡಬೇಕಾದರೆ ಪರೀಕ್ಷಕರೇ ಮುಂದೆ ಬರಬೇಕಿತ್ತು. ಆಮೇಲೆ ಕರವಸ್ತ್ರವನ್ನು ಜೇಬಿಗಿಟ್ಟುಕೊಂಡು, ಎದ್ದು ಬಂದು, ನನ್ನ ಭುಜದ ಪಕ್ಕ ಬಗ್ಗಿ ಕಣ್ಣಿಟ್ಟರು. ನಾನು ಒಂದೊಂದನ್ನೇ ತೋರಿಸುತ್ತಾ ಹೋದೆ.

ಆಚೆ ಕುರ್ಚಿಯಲ್ಲಿ ನಮ್ಮ ಮೇಷ್ಟ್ರು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ತುಟಿ ಕಚ್ಚಿಕೊಂಡು ಕೂತಿದ್ದರು. ಹಣೆಯ ಮೇಲಿಂದ ಬೆವರು ಇಳಿದು ಕನ್ನಡಕದ ಗಾಜಿನ ಮೇಲೆ ಬೀಳುತ್ತಿತ್ತು. ಊರಿನ ಜಗಳವನ್ನೆಲ್ಲ ತಮ್ಮದು ಮಾಡಿಕೊಂಡ ಆ ಜಗಳಗಂಟ ಮನುಷ್ಯ ಅವತ್ತು ಒಂದು ಮಾತೂ ಆಡಲಿಲ್ಲ. ನನ್ನ ಜಗಳವನ್ನು ನನಗೇ ಬಿಟ್ಟರು.